‘ಚುಪ್ ರಹ್’ ಅಂದು ಕಳಿಸಿದೆ, ಈಗ ನಿದ್ದಿ ಇಲ್ಲ

ಅಕ್ಕಾರ, ನಂದು ಸೇಡಂ ತಾಲೂಕ ಕೋಡ್ಲಾ. ಸೈನ್ಯದಾಗ ಇಪ್ಪತ್ತೆರಡು ವರ್ಷ ಆಯ್ತು, ಈಗ ನಾಯಬ್ ಸುಬೇದಾರ್ ಇದ್ದೀನಿ. ಒಂದು ಪ್ಲಟೂನ್ ನನ್ನ ಕೈಯಾಗದ. ರಜಕ್ಕ ಬರೋ ನಾಕು ದಿನ ಮೊದ್ಲು, ರೋಲ್ ಕಾಲ್ ಮುಗದ ಮ್ಯಾಗ, ಒಬ್ಬ ಅಗ್ನಿವೀರ್ ಹುಡುಗ ಬಂದ. ಇಪ್ಪತ್ತು ವರ್ಷದವ. ಒಬ್ಬ ಹವಾಲ್ದಾರ್ ರಾತ್ರಿ ಬ್ಯಾರಕಿನಾಗ ತನ್ನ ಮಂಚದ ಹತ್ರ ಬರ್ತಾನ, ಮೈಮ್ಯಾಗ ಕೈ ಹಾಕ್ತಾನ, ಬ್ಯಾಡ ಅಂದ್ರ ನಿನ್ನ ರಿಪೋರ್ಟ್ ಕೆಡಸ್ತೀನಿ ಅಂತಾನ ಅಂದ. ನಾ ‘ಮರ್ದ್ ಹೋಕೆ ಐಸೀ ಬಾತ್ ಕರ್ತಾ ಹೈ? ಚುಪ್ ರಹ್, ಜಾ’ ಅಂದು ಕಳಿಸ್ದೆ. ಹುಡುಗ ‘ಜೈ ಹಿಂದ್ ಸಾಬ್’ ಅಂದು ಹೋದ. ಆ ಹವಾಲ್ದಾರ್ ನನ್ನ ಹಳೇ ಸಾಥಿ, ಕೆಲಸದಾಗ ಹುಲಿ.

ಎಳ್ಳಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಎಲ್ಲಾರೂ ಉಣ್ಲಾಕ ಕುಂತ್ರು. ನನಗ ತುತ್ತು ಇಳೀಲಿಲ್ಲ. ನನ್ನ ಮಗಳಿಗಿ ಹತ್ತೊಂಬತ್ತು. ಮಿಲಿಟರಿ ಪೊಲೀಸಿಗೆ ಸೇರ್ತೀನಿ ಅಂತ ಮುಂಜಾನೆ ಐದಕ್ಕ ಎದ್ದು ಫ್ಯಾಕ್ಟರಿ ರೋಡಿನ ಮ್ಯಾಗ ಓಡ್ಲತ್ತಾಳ. ಅಕಿ ಓಡೋದು ನೋಡಿದ್ರ ಆ ಹುಡುಗನ ಮಾರಿ ಕಣ್ಮುಂದ ಬರ್ತದ. ಅಕಿಗಿ ಕಳಸ್ಲೋ ಬ್ಯಾಡೋ? ಹುಡುಗ ಬರದು ಏನೂ ಕೊಟ್ಟಿಲ್ಲ. ಮ್ಯಾಲ ಹೇಳಿದ್ರ ಯೂನಿಟ್ ಇಜ್ಜತ್ ಹೋಗ್ತದ. ರಜಾ ಇನ್ನೂ ಹದಿನೆಂಟು ದಿನ ಅದ. ತಪ್ಪಾಗಿದ್ರ ಬೈರಿ.

– ಹೆಸರು ಬ್ಯಾಡ, ಕೋಡ್ಲಾ

(ಪತ್ರ ಕೈಗೆ ಬಂದ ದಿನವೇ ಈ ಉತ್ತರವನ್ನು ಅವರಿಗೆ ಕಳಿಸಿದ್ದೇನೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ಕೆಲವು ಸಂಗತಿ ಬದಲಿಸಿ ಇಲ್ಲಿ ಅಚ್ಚು ಹಾಕುತ್ತಿದ್ದೇವೆ.)

ಅಣ್ಣಾ,

ನಿಮ್ಮನ್ನು ಬೈಯುವ ಕೆಲಸವನ್ನು ನಿಮ್ಮೊಳಗಿನವರೇ ಯಾರೋ ರಾತ್ರಿಯೆಲ್ಲ ಮಾಡುತ್ತಿದ್ದಾರೆ. ನಾನೂ ಒಂದು ದನಿ ಸೇರಿಸಿದರೆ ಆ ಹುಡುಗನಿಗೆ ಏನೂ ಸಿಗುವುದಿಲ್ಲ. ಎಳ್ಳಮಾಸಿಯ ದಿನ ಭಜ್ಜಿ, ಸಜ್ಜೆ ರೊಟ್ಟಿ ಮುಂದೆ ಇಟ್ಟುಕೊಂಡು, ಸುತ್ತ ಮನೆಮಂದಿ ಕೂತು, ತುತ್ತು ಇಳಿಯಲಿಲ್ಲ ಎಂದಿರಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ಮನಸ್ಸು ಗಟ್ಟಿಯಾಗಿ ಹೋದವರಿಗೆ ಹೀಗಾಗುವುದಿಲ್ಲ. ಹೇಳಬಾರದ ಮಾತು ಹೇಳಿದೆ ಎಂದು ನಿಮಗೆ ಗೊತ್ತಾಗಿದೆ. ಹದಿನೆಂಟು ದಿನ ಇನ್ನೂ ಕೈಯಲ್ಲಿವೆ. ಇವೆರಡೂ ಇರುವಾಗ ಕೈಚೆಲ್ಲಿ ಕೂರುವಂಥದ್ದೇನೂ ಆಗಿಲ್ಲ.

ಆ ಸಂಜೆ ಆ ಮಾತು ನಿಮ್ಮ ಬಾಯಿಂದ ಏಕೆ ಬಂತು ಎಂದು ಒಂದು ಗಳಿಗೆ ನೋಡೋಣ. ತಪ್ಪಿಗೆ ಸಬೂಬು ಹುಡುಕಲು ಅಲ್ಲ, ಇನ್ನೊಮ್ಮೆ ಬಾರದಿರಲಿ ಎಂದು. ನಮ್ಮ ಕಡೆ ಗಂಡುಮಗನಿಗೆ ಕಾಲು ಮುರಿದರೆ ಊರೇ ಬಂದು ನೋಡುತ್ತದೆ. ಅವನ ಮೈಯನ್ನು ಇನ್ನೊಬ್ಬರು ಮುಟ್ಟಬಾರದ ಹಾಗೆ ಮುಟ್ಟಿದರು ಅಂದರೆ ಮಾತ್ರ ಕೇಳಿದವರಿಗೆ ಮೊದಲು ಮುಜುಗರ, ಆಮೇಲೆ ಸಿಟ್ಟು. ಆ ಸಿಟ್ಟು ಹೋಗಬೇಕಾದ ಕಡೆ ಹೋಗದೆ ಹೇಳಿದವನ ಮೇಲೇ ಬೀಳುತ್ತದೆ. ನೀವು ಗದರಿದ್ದು ಅವನ ಮಾತು ಸುಳ್ಳು ಅನಿಸಿ ಅಲ್ಲ, ನನಗೆ ಕಾಣುವಂತೆ. ನಿಜ ಇರಬಹುದು ಅನಿಸಿದ್ದಕ್ಕೇ ಗದರಿದಿರಿ.

‘ಗಂಡಸಾಗಿದ್ದರೆ ಅಲ್ಲೇ ಒದೆಯುತ್ತಿದ್ದ’ ಎಂದು ಈಗ ಓದುತ್ತಿರುವವರಲ್ಲಿ ಕೆಲವರಿಗಾದರೂ ಅನಿಸಿರುತ್ತದೆ. ಅವರಿಗೂ ಒಂದು ಮಾತು. ಇಂಥ ಹೊತ್ತಿನಲ್ಲಿ ಮೈ ಮರಗಟ್ಟುವುದು ಗಂಡಿಗೂ ಹೆಣ್ಣಿಗೂ ಒಂದೇ. ಮೇಲಾಗಿ ಸೈನ್ಯದಲ್ಲಿ ಮೇಲಿನವರ ಮೇಲೆ ಕೈ ಎತ್ತುವುದೇ ದೊಡ್ಡ ಅಪರಾಧ, ಅದನ್ನು ತರಬೇತಿಯ ಮೊದಲ ದಿನದಿಂದ ಕಲಿಸಿರುತ್ತಾರೆ. ಅಗ್ನಿವೀರನ ಸೇವೆ ನಾಲ್ಕು ವರ್ಷ. ಅದು ಮುಗಿದ ಮೇಲೆ ನೂರಕ್ಕೆ ಹೆಚ್ಚೆಂದರೆ 25 ಮಂದಿಗೆ ಉಳಿಯುವ ಅವಕಾಶ. ಯಾರು ಉಳಿಯಬೇಕು ಎನ್ನುವಾಗ ಮೇಲಿನವರು ಬರೆದ ರಿಪೋರ್ಟಿಗೆ ತೂಕ ಇರುತ್ತದೆ. ‘ರಿಪೋರ್ಟ್ ಕೆಡಸ್ತೀನಿ’ ಎಂಬ ಎರಡು ಪದದ ಬೆದರಿಕೆ ಆ ಹುಡುಗನಿಗೆ, ಊರಲ್ಲಿ ಅವನ ಸಂಬಳ ಕಾಯುವ ತಾಯಿಗೆ, ಎಷ್ಟು ದೊಡ್ಡದು ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ಹವಾಲ್ದಾರ್ ಬಳಸಿದ್ದು ತೋಳಿನ ಬಲವನ್ನಲ್ಲ, ತೋಳಿನ ಮೇಲಿನ ಪಟ್ಟಿಯನ್ನು.

ಹೀಗಿದ್ದೂ ಹುಡುಗ ಬಂದ. ಕಂಪನಿಯಲ್ಲಿ ನೂರು ಜನ ಇದ್ದರೂ ನಿಮ್ಮ ಹತ್ತಿರವೇ ಬಂದ. ನೀವು ಇದನ್ನು ‘ನಾನು ಓಡಿಸಿದ ಹುಡುಗ’ ಎಂದು ನೆನೆಯುತ್ತಿದ್ದೀರಿ. ‘ನನ್ನನ್ನು ನಂಬಿ ಬಂದ ಹುಡುಗ’ ಎಂದು ಒಮ್ಮೆ ನೆನೆದು ನೋಡಿ. ಮುಂದಿನ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಪತ್ರದಲ್ಲಿ ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿರುವ ಮಾತುಗಳೂ ಇವೆ. ‘ಬರದು ಕೊಟ್ಟಿಲ್ಲ’ ಎಂಬುದು ಒಂದು. ಇಂಥ ದೂರು ಯಾರೂ ಮೊದಲ ದಿನವೇ ಕಾಗದದ ಮೇಲೆ ತರುವುದಿಲ್ಲ. ಮೊದಲು ಬಾಯಲ್ಲಿ ಹೇಳಿ, ಎದುರಿನವರ ಮುಖ ನೋಡುತ್ತಾರೆ. ಆ ಮುಖ ನೋಡಿಯೇ ಕಾಗದ ತೆಗೆಯಬೇಕೋ ಬೇಡವೋ ಎಂದು ನಿರ್ಧಾರ ಆಗುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಫೋರ್ಟ್ ಹುಡ್ ಎಂಬ ದೊಡ್ಡ ಸೇನಾನೆಲೆಯಿದೆ. ಅಲ್ಲಿ ವನೆಸ್ಸಾ ಗಿಯೆನ್ ಎಂಬ 20 ವರ್ಷದ ಯೋಧೆ 2020ರಲ್ಲಿ ಇನ್ನೊಬ್ಬ ಸೈನಿಕನ ಕೈಯಲ್ಲಿ ಕೊಲೆಯಾದಳು. ಅದಕ್ಕೂ ಮೊದಲೇ ಬೇರೊಬ್ಬ ಮೇಲಿನವನಿಂದ ಅವಳಿಗೆ ಲೈಂಗಿಕ ಕಿರುಕುಳ ಆಗಿತ್ತು, ಅದು ಯೂನಿಟ್ಟಿನ ಮುಂದಾಳುಗಳ ಕಿವಿಗೆ ಬಿದ್ದಿತ್ತು, ಅವರು ಮಾಡಬೇಕಾದ್ದನ್ನು ಮಾಡಲಿಲ್ಲ ಎಂದು 2021ರಲ್ಲಿ ಆ ಸೈನ್ಯದ ತನಿಖೆಯೇ ಹೇಳಿತು. ಬಾಯಿಮಾತಿನ ದೂರೇ ಅದು. ಆ ನೆಲೆಯಲ್ಲಿ ಕಿರಿಯ ಸೈನಿಕರನ್ನು ಕಾಯುವ ವಾತಾವರಣವೇ ಇರಲಿಲ್ಲ ಎಂದು 2020ರ ಡಿಸೆಂಬರಿನಲ್ಲಿ 14 ಮಂದಿ ಮುಂದಾಳುಗಳನ್ನು ಹುದ್ದೆಯಿಂದ ಇಳಿಸಿದರು, ಇಲ್ಲವೇ ಅಮಾನತಿನಲ್ಲಿಟ್ಟರು. ಅವರಾರೂ ಅವಳನ್ನು ಮುಟ್ಟಿದವರಲ್ಲ. ಕಾಯಬೇಕಾದವರು, ಅಷ್ಟೇ.

ಇನ್ನು ಹವಾಲ್ದಾರ್ ನಿಮ್ಮ ಹಳೆಯ ಸಾಥಿ. ಇದು ಕಷ್ಟದ ಗಂಟು. ಹಿಮದಲ್ಲಿ, ಕಾಡಿನಲ್ಲಿ ಒಂದೇ ಮಗ್‌ನಲ್ಲಿ ಚಹಾ ಕುಡಿದವರ ಸ್ನೇಹ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ನಿಮಗೆ ನೆಮ್ಮದಿ ಕೊಡಬಹುದಾದ ಒಂದು ಮಾತು ಹೇಳುತ್ತೇನೆ: ಅವನು ಮಾಡಿದ್ದಾನೋ ಇಲ್ಲವೋ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವೇ ಅಲ್ಲ. ತನಿಖೆಗೆ ಬೇರೆಯವರಿದ್ದಾರೆ. ಮಾತನ್ನು ಮೇಲಕ್ಕೆ ಮುಟ್ಟಿಸುವುದು, ಹುಡುಗನನ್ನು ಅಷ್ಟರವರೆಗೆ ಕಾಯುವುದು, ಇಷ್ಟು ನಿಮ್ಮದು. ಹಾಗಾಗಿ ಆ ಸಾಥಿಗೆ ಫೋನ್ ಮಾಡಿ ‘ಏನೋ ಹಿಂಗಂತಲ್ಲ, ಹುಷಾರ್’ ಎನ್ನಬೇಡಿ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುವವರಿದ್ದಾರೆ. ಅದರ ಏಟು ಬೀಳುವುದು ಮಾತ್ರ ಆ ರಾತ್ರಿ ಬ್ಯಾರಕಿನಲ್ಲಿ ಮಲಗಿರುವ ಹುಡುಗನ ಮೇಲೆ. ಇಬ್ಬರನ್ನೂ ಕೂರಿಸಿ ಕೈ ಕುಲುಕಿಸಿ ರಾಜಿ ಮಾಡಿಸುವ ಯೋಚನೆಯೂ ಬೇಡ.

ಇಜ್ಜತ್ತಿನ ಮಾತಿಗೆ ಬರೋಣ. ಒಬ್ಬ ಮಹಿಳಾ ಕ್ಯಾಪ್ಟನ್ ಕೊಟ್ಟ ದೂರಿನ ಮೇಲೆ ನಮ್ಮ ಸೈನ್ಯ ಮೇಜರ್ ಜನರಲ್ ದರ್ಜೆಯವರನ್ನೇ ಕೋರ್ಟ್ ಮಾರ್ಷಲ್ ಮಾಡಿ 2019ರಲ್ಲಿ ಸೇವೆಯಿಂದ ತೆಗೆಯಿತು. ಸೈನ್ಯದ ಮಾನ ಹೋಯಿತು ಎಂದು ಆಗ ಯಾರೂ ಆಡಿದ್ದು ನಾನು ಕೇಳಲಿಲ್ಲ. ಅದಕ್ಕಿಂತ ನಿಮ್ಮ ವಿಷಯಕ್ಕೆ ಹತ್ತಿರದ್ದು ಗಡಿ ಭದ್ರತಾ ಪಡೆಯ ಒಂದು ಪ್ರಕರಣ. 2006ರ ಏಪ್ರಿಲ್‌ನಲ್ಲಿ ಒಬ್ಬ ಕಾನ್‌ಸ್ಟೆಬಲ್, ಗಂಡು ಹುಡುಗನೇ, ಹೆಡ್ ಕಾನ್‌ಸ್ಟೆಬಲ್ ತನ್ನ ಮೇಲೆ ಲೈಂಗಿಕ ಕಿರುಕುಳ ನಡೆಸಿದನೆಂದು ದೂರಿದ. ಪಡೆಯ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ದೂರಿನಲ್ಲಿ ತಾರೀಖು ಒಂದು ದಿನ ಹಿಂದೆ ಮುಂದೆ ಆಗಿದೆ ಎಂಬಂಥ ಕಾರಣಕ್ಕೆ ಕಲ್ಕತ್ತಾ ಹೈಕೋರ್ಟ್ ಅದನ್ನು ರದ್ದು ಮಾಡಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆ ಆದೇಶವನ್ನು ತಳ್ಳಿಹಾಕಿತು. ಮೇಲಿನವ, ಕೆಳಗಿನವ ಎಂಬ ಅಧಿಕಾರದ ಅಂತರ ಇರುವ ಕಡೆ ಇಂಥ ಸಣ್ಣ ತಾಂತ್ರಿಕ ಲೋಪ ಹಿಡಿದು ದೂರನ್ನು ಬೀಳಿಸಬಾರದು ಎಂಬುದು ಅದರ ಸಾರ. ಹದಿನೈದು ವರ್ಷ ಹಿಡಿಯಿತು ನೋಡಿ. ನಿಮ್ಮ ಹುಡುಗನಿಗೆ ಅಷ್ಟು ವರ್ಷ ಹಿಡಿಯದಿರಲಿ.

ಇಲ್ಲಿ ಕಾನೂನಿನ ಒಂದು ಇಕ್ಕಟ್ಟು ನಿಮಗೆ ಗೊತ್ತಿರಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆಂದು ಇರುವ 2013ರ ಕಾಯ್ದೆ ಹೆಣ್ಣುಮಕ್ಕಳ ದೂರಿಗೆ ಮಾತ್ರ. ಅದರಡಿ ಇರುವ ಆಂತರಿಕ ಸಮಿತಿಯ ಬಾಗಿಲು ಈ ಹುಡುಗನಿಗೆ ತೆರೆಯುವುದಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ದಂಡ ಸಂಹಿತೆಯ 377ನೇ ಸೆಕ್ಷನ್ನಿನಂಥದ್ದು ಇಲ್ಲ, ಗಂಡಸಿನ ಮೇಲಾಗುವ ಅತ್ಯಾಚಾರಕ್ಕೆ ಪ್ರತ್ಯೇಕ ಸೆಕ್ಷನ್ನೂ ಇಲ್ಲ. ಹೊಡೆತ, ಬೆದರಿಕೆಗಳ ಸೆಕ್ಷನ್ನುಗಳು ಇವೆ, ಆದರೂ ಅವನಿಗಿರುವ ಗಟ್ಟಿ ಆಸರೆ 1950ರ ಸೇನಾ ಕಾಯ್ದೆಯೇ. ಅದರ 46ನೇ ಸೆಕ್ಷನ್ ಕ್ರೂರ, ಅಸಭ್ಯ ನಡತೆಯನ್ನು ಹಿಡಿಯುತ್ತದೆ. 47ನೆಯದು ಕೈಕೆಳಗಿನವರನ್ನು ಹಿಂಸಿಸುವ ಅಧಿಕಾರಿ, ನಿಮ್ಮಂಥ ಜೆಸಿಒ, ಹವಾಲ್ದಾರನಂಥ ಎನ್‌ಸಿಒ ಯಾರನ್ನೂ ಬಿಡುವುದಿಲ್ಲ. ಎರಡಕ್ಕೂ ಏಳು ವರ್ಷದವರೆಗೆ ಜೈಲು. 26ನೇ ಸೆಕ್ಷನ್ ಪ್ರಕಾರ ಮೇಲಿನವರಿಂದ ಅನ್ಯಾಯವಾಯಿತು ಎನ್ನುವ ಜವಾನ ತನ್ನ ಕಂಪನಿ ಕಮಾಂಡರ್‌ಗೆ ದೂರು ಕೊಡಬಹುದು. ಆರೋಪ ಅವರ ಮೇಲೆಯೇ ಇದ್ದರೆ ಅವರ ಮೇಲಿನವರಿಗೆ. ದೂರು ಪಡೆದ ಅಧಿಕಾರಿ ಸಾಧ್ಯವಿದ್ದಷ್ಟು ಪೂರ್ತಿ ತನಿಖೆ ಮಾಡಲೇಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ.

ಹೊರಗಿನ ದಾರಿಗಳು ಕಿರಿದಾದಷ್ಟೂ ಒಳಗಿನ ದಾರಿಯ ಮೇಲೆ ಭಾರ ಹೆಚ್ಚು. ಆ ಒಳದಾರಿಯ ಮೊದಲ ಬಾಗಿಲು ನೀವು. ನೀವು ಮುಚ್ಚಿಕೊಂಡರೆ ಅವನಿಗೆ ಬೇರೆ ಕಡೆ ತಟ್ಟುವ ಧೈರ್ಯ ಮತ್ತೆ ಬರುವುದು ಕಷ್ಟ.

ಏನು ಮಾಡಬೇಕು? ರಜೆ ಮುಗಿಯಲಿ ಎಂದು ಕಾಯಬೇಡಿ. ಇವತ್ತೇ ಹುಡುಗನಿಗೆ ಫೋನ್ ಮಾಡಿ. ಅದನ್ನು ಹೇಗೆ ಎಂದು ಕೊನೆಗೆ ಹೇಳುತ್ತೇನೆ. ಅವನ ಜೊತೆ ಮಾತಾಡಿದ ಮೇಲೆ, ಅವನಿಗೆ ಹೇಳಿಯೇ, ನಿಮ್ಮ ಕಂಪನಿ ಕಮಾಂಡರ್ ಸಾಹೇಬರಿಗೆ ಮುಟ್ಟಿಸಿ. ಅವರು ಕೈಗೆ ಸಿಗದಿದ್ದರೆ ಸುಬೇದಾರ್ ಮೇಜರ್ ಸಾಹೇಬರಿದ್ದಾರೆ, ಕಮಾಂಡಿಂಗ್ ಆಫೀಸರ್ (ಸಿಒ) ಸಾಹೇಬರಿದ್ದಾರೆ. ಹೇಳುವಾಗ ನಿಮ್ಮ ತಪ್ಪನ್ನೂ ಸೇರಿಸಿ ಹೇಳಿ: ಇಂಥ ದಿನ ನನ್ನ ಹತ್ತಿರ ಬಂದಿದ್ದ, ನಾನು ಗದರಿ ಕಳಿಸಿದೆ. ಇದು ನುಂಗಲಾರದ ಗುಟುಕು, ಬಲ್ಲೆ. ಆದರೆ ಆ ಒಂದು ವಾಕ್ಯದಿಂದ ಹುಡುಗ ಮೊದಲೇ ಹೇಳಿದ್ದ ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ನೀವು ಅಡಗಿಸಿದರೆ ಮುಂದೆ ಯಾರಾದರೂ ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ’ ಎಂದು ಅವನನ್ನೇ ಕೇಳುತ್ತಾರೆ. ಆಮೇಲೆ ತಾರೀಖು, ಹೊತ್ತು, ಅವನು ಹೇಳಿದ ಮಾತು, ನೀವು ಹೇಳಿದ ಮಾತು, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿ ಇಟ್ಟುಕೊಳ್ಳಿ. ದೂರನ್ನು ಹುಡುಗ ತನ್ನ ಹೆಸರಲ್ಲಿ, ತನ್ನ ಮಾತಲ್ಲಿ ಬರೆಯಲಿ. ನಾಲ್ಕು ಜನ ಸೇರಿ ಒಂದೇ ಅರ್ಜಿಗೆ ಸಹಿ ಹಾಕಿದರೆ ಸೈನ್ಯದಲ್ಲಿ ಅದು ಬೇರೆಯೇ ಬಣ್ಣ ಪಡೆಯುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇನ್ನೊಬ್ಬರಿಗೂ ಹೀಗಾಗಿದ್ದರೆ ಅವರದು ಬೇರೆ ಕಾಗದ. ವಾಟ್ಸ್ಆ್ಯಪ್ ಗುಂಪು, ಫೇಸ್‌ಬುಕ್ಕು ಬೇಡವೇ ಬೇಡ.

ಸಾಹೇಬರ ಹತ್ತಿರ ಎರಡು ಬೇಡಿಕೆ ಗಟ್ಟಿಯಾಗಿ ಇಡಿ. ಆ ರಾತ್ರಿಯಿಂದಲೇ ಇಬ್ಬರೂ ಒಂದೇ ಬ್ಯಾರಕಿನಲ್ಲಿ ಮಲಗಬಾರದು. ಎತ್ತಂಗಡಿ ಆಗಬೇಕಾದ್ದು ಹವಾಲ್ದಾರನ ಹಾಸಿಗೆ, ಹುಡುಗನದಲ್ಲ. ಸಾಮಾನ್ಯವಾಗಿ ‘ಅವನ ಒಳ್ಳೆಯದಕ್ಕೇ’ ಎಂದು ದೂರು ಕೊಟ್ಟವನನ್ನೇ ಬೇರೆ ಕಡೆ ಕಳಿಸುತ್ತಾರೆ, ನೋಡುವವರ ಕಣ್ಣಿಗೆ ಅವನೇ ತಪ್ಪಿತಸ್ಥ ಆಗುತ್ತಾನೆ. ಎರಡನೆಯದು ಅವನ ರಿಪೋರ್ಟ್. ಅದರಲ್ಲಿ ಆ ಹವಾಲ್ದಾರನ ಮಾತು ಸೇರದಂತೆ ನೋಡಿಕೊಳ್ಳಿ ಎಂದು ಕೇಳಿ.

‘ಇಷ್ಟೆಲ್ಲ ಮಾಡಿದರೆ ಏನೂ ತೊಂದರೆ ಆಗುವುದಿಲ್ಲ’ ಎಂದು ನಾನು ಬರೆದರೆ ಸುಳ್ಳಾಗುತ್ತದೆ. 2005ರಲ್ಲಿ ಬೆಂಗಳೂರಿನಲ್ಲೇ ವಾಯುಪಡೆಯ ಯುವ ಮಹಿಳಾ ಅಧಿಕಾರಿಯೊಬ್ಬರು ಮೇಲಧಿಕಾರಿಗಳ ವಿರುದ್ಧ ಕಿರುಕುಳದ ದೂರು ಕೊಟ್ಟರು. ದೂರಿನಲ್ಲಿ ಹುರುಳಿಲ್ಲ ಎಂದಿತು ವಾಯುಪಡೆ. ಶಿಸ್ತು ಮತ್ತು ಹಣದ ಬೇರೆ ಆರೋಪಗಳ ಮೇಲೆ ಅವರನ್ನೇ ಕೋರ್ಟ್ ಮಾರ್ಷಲ್‌ಗೆ ಒಳಪಡಿಸಿ ಕೆಲಸದಿಂದ ತೆಗೆಯಿತು. ಆ ಮೊಕದ್ದಮೆಯ ಸರಿ ತಪ್ಪು ತೂಗಲು ನಾನು ಯಾರೂ ಅಲ್ಲ. ಆದರೆ ಆ ಸುದ್ದಿ ಓದಿದ ಎಷ್ಟು ಹೆಣ್ಣುಮಕ್ಕಳು ಆಮೇಲೆ ಬಾಯಿ ಮುಚ್ಚಿಕೊಂಡಿರಬಹುದು ಎಂದು ಈಗಲೂ ಯೋಚಿಸುತ್ತೇನೆ. ದೂರು ಕೊಟ್ಟವರು ಒಂಟಿಯಾಗಿ ನಿಲ್ಲುವಂತಾದಾಗಲೇ ಭಯ ಬೆಳೆಯುವುದು. ನಿಮ್ಮ ಪ್ಲಟೂನಿನಲ್ಲಿ ಆ ಹುಡುಗ ಒಂಟಿ ಆಗದ ಹಾಗೆ ನೋಡಿಕೊಳ್ಳುವುದು ಯಾವ ಕಾಯ್ದೆಗಿಂತಲೂ ನಿಮ್ಮ ಕೈಯಲ್ಲಿದೆ. ‘ಅವ ನನ್ನ ಹುಡುಗ’ ಎಂದು ಒಬ್ಬ ಸುಬೇದಾರ್ ಸಾಹೇಬ ಮೆಸ್ಸಿನಲ್ಲಿ ಒಂದು ಸಲ ಅಂದರೆ ಆ ಮಾತು ಎಷ್ಟು ದೂರ ಹೋಗುತ್ತದೆ ಎಂಬುದನ್ನು ನಾನು ಹೇಳಬೇಕೆ?

ಮಗಳ ವಿಷಯ. ಹುಡುಗನ ಮುಖ, ಮಗಳ ಓಟ ಎರಡೂ ನಿಮ್ಮ ಕಣ್ಣಲ್ಲಿ ಒಂದಾಗಿವೆ. ಇವೆರಡನ್ನು ಬೇರೆ ಮಾಡಿ. ಹುಡುಗನಿಗೆ ಮಾಡಬೇಕಾದ್ದನ್ನು ಮಾಡದೆ, ಮಗಳನ್ನು ಮನೆಯಲ್ಲಿ ಕಟ್ಟಿಹಾಕಿ ಸಮಾಧಾನ ಪಡೆಯುವುದು ಸುಲಭ. ಆದರೆ ಅದರಿಂದ ಅವಳು ಕಳೆದುಕೊಳ್ಳುತ್ತಾಳೆ, ಅವನಿಗೂ ಏನೂ ಸಿಗುವುದಿಲ್ಲ. ಸೈನ್ಯದ ಮಿಲಿಟರಿ ಪೊಲೀಸ್ ದಳದಲ್ಲಿ ಹೆಣ್ಣುಮಕ್ಕಳು ಜವಾನರಾಗಿ ಸೇರಲು ದಾರಿ ತೆರೆದದ್ದು 2019ರಲ್ಲಿ. ಆ ವರ್ಷ ಬೆಳಗಾವಿಯಲ್ಲೂ ಭರ್ತಿ ರ‍್ಯಾಲಿ ನಡೆಯಿತು. ಮೊದಲ ತಂಡದ 83 ಮಂದಿ ಬೆಂಗಳೂರಿನಲ್ಲಿ 61 ವಾರ ತರಬೇತಿ ಪಡೆದು 2021ರ ಮೇ 8ರಂದು ಹೊರಬಂದರು. ನಿಮ್ಮ ಮಗಳು ಆಗ ಶಾಲೆಯಲ್ಲಿದ್ದಿರಬೇಕು. ಯಾರ ಫೋಟೊ ನೋಡಿ ಅವಳಿಗೆ ಈ ಆಸೆ ಹುಟ್ಟಿತು ಎಂದು ಒಮ್ಮೆ ಕೇಳಿ ನೋಡಿ.

ಹೋಗುವ ನಿರ್ಧಾರ ಅವಳದಾಗಿರಲಿ. ಆದರೆ ಏನೂ ತಿಳಿಯದೆ ಹೋಗುವುದು ಬೇಡ. ಯಾರಿಗೂ ಗೊತ್ತಿಲ್ಲದ ಒಳಗಿನ ಲೋಕ ನಿಮಗೆ ಗೊತ್ತು, ಅದನ್ನು ಅವಳಿಗೆ ಕೊಡಿ. ಮೇಲಿನವರ ಆಜ್ಞೆ ಪಾಲಿಸಬೇಕಾದ್ದು ಅದು ಕಾನೂನುಬದ್ಧ ಆಜ್ಞೆಯಾಗಿದ್ದರೆ ಮಾತ್ರ, ಮೈಯ ಮೇಲೆ ಯಾವ ರ‍್ಯಾಂಕಿಗೂ ಹಕ್ಕಿಲ್ಲ ಎಂದು ಹೇಳಿ. 2013ರ ಕಾಯ್ದೆಯ ಆಂತರಿಕ ಸಮಿತಿ ಅವಳಿಗಿದೆ, ಅದಕ್ಕೆ ಒಬ್ಬ ಹೆಣ್ಣುಮಗಳೇ ಅಧ್ಯಕ್ಷೆ ಆಗಿರಬೇಕು. ದೂರು ಮೂರು ತಿಂಗಳೊಳಗೆ ಕೊಡಬೇಕು, ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ, ದೂರು ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಶಿಕ್ಷಿಸುವ ಹಾಗಿಲ್ಲ ಎಂದೂ ಹೇಳಿ. ಚಿತ್ತಾಪುರ, ಚಿಂಚೋಳಿ, ಶಹಾಬಾದ ಕಡೆಯಿಂದ ಮಕ್ಕಳನ್ನು ಪಡೆಗಳಿಗೆ ಕಳಿಸಿ, ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿಸಿ ಬಂದ ತಂದೆತಾಯಂದಿರಿಗೂ ಇದೇ ಮಾತು. ಫೋನಿನಲ್ಲಿ ‘ಊಟ ಆಯ್ತಾ’ ಎಂದು ಕೇಳುವಾಗ, ವಾರಕ್ಕೊಮ್ಮೆಯಾದರೂ ‘ಅಲ್ಲಿ ಯಾರಾದ್ರೂ ನಿನಗ ತ್ರಾಸ ಕೊಡ್ಲತ್ತಾರೇನು?’ ಎಂದೂ ಕೇಳಿ. ಮಗ ಇದ್ದರೂ ಕೇಳಿ. ಹೌದು ಅಂದರೆ ಬೈಯದೆ ಕೇಳಿಸಿಕೊಳ್ಳಿ.

ಹೊರಗಿನ ನೆರವಿನ ನಂಬರುಗಳನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಸೈನಿಕರಿಗೆಂದೇ ಅದರ ಒಂದು ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗಿದೆ. ಉಚಿತ ಕಾನೂನು ಸಲಹೆಗೆ 15100. ಹೆಣ್ಣುಮಕ್ಕಳಿಗೆ 181, ಕೂಡಲೇ ಪೊಲೀಸರು ಬೇಕಿದ್ದರೆ 112. ಅಣ್ಣಾ, 14416 ನಿಮಗೂ ಇದೆ. ನಿದ್ದೆಯಿಲ್ಲದ ರಾತ್ರಿಗಳು ಹತ್ತು ದಾಟಿದ್ದರೆ ನೀವೂ ಮಾತಾಡಿ.

ಇನ್ನು ಆ ಫೋನು. ಸಂಜೆ ರೋಲ್ ಕಾಲ್ ಮುಗಿದ ಮೇಲೆ ಮಾಡಿ. ‘ಆ ದಿನ ನೀನು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ, ತಪ್ಪು ನನ್ನದು, ಈಗ ಹೇಳು’ ಎಂದು ಶುರು ಮಾಡಿ. ನಿಮ್ಮ ದರ್ಜೆಯವರು ಕೈಕೆಳಗಿನ ಹುಡುಗನಿಗೆ ‘ತಪ್ಪು ನನ್ನದು’ ಅನ್ನುವುದು ರೂಢಿಯಲ್ಲಿಲ್ಲ, ಅದಕ್ಕೇ ಅವನು ನಂಬುತ್ತಾನೆ. ಹೇಳಲು ಮನಸ್ಸಿಲ್ಲ ಅಂದರೆ ಒತ್ತಾಯ ಬೇಡ. ನಿದ್ದೆ ಬರುತ್ತಿದೆಯಾ, ಊಟ ಸೇರುತ್ತಿದೆಯಾ ಕೇಳಿ. ಬದುಕೇ ಬೇಡ ಅನಿಸಿದೆಯಾ ಎಂದೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಹೌದು ಎಂದರೆ, ಅಥವಾ ಉತ್ತರ ಕೊಡದೆ ಸುಮ್ಮನಾದರೆ, ಆ ಗಳಿಗೆಯೇ ಕಂಪನಿ ಕಮಾಂಡರ್‌ಗೂ ಯೂನಿಟ್ ಡಾಕ್ಟರ್ ಸಾಹೇಬರಿಗೂ ತಿಳಿಸಿ. ರಾತ್ರಿ ಅವನ ಕೈಯಲ್ಲಿ ರೈಫಲ್ ಇರುತ್ತದೆ. ಪಹರೆ ಡ್ಯೂಟಿ ಸದ್ಯಕ್ಕೆ ತಪ್ಪಿಸಿ, ಜೊತೆಗೆ ಒಬ್ಬ ನಂಬಿಕೆಯವನನ್ನು ಇಡಲು ಹೇಳಿ.

ಮತ್ತೆ, ಇದೆಲ್ಲಕ್ಕೂ ಮೊದಲು, ಫೋನ್ ಎತ್ತಿದ ಕೂಡಲೇ ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ವಿಚಾರಿಸಿ. ಇದ್ದರೆ ನಿಮ್ಮೂರ ತೊಗರಿ ರಾಶಿಯ ಸುದ್ದಿ, ಮಳೆ ಚಳಿಯ ಸುದ್ದಿ ಎರಡು ಮಾತಾಡಿ ಇಟ್ಟುಬಿಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿ.